ಉತ್ತರದ ಸಾಲಿನ ಮಂಚಗಳು

ನಾನು ನರ್ಸಾಗಿ ಸೇರಿದ ಆಸ್ಪತ್ರೆಯ ಹಳೆಯ ಕಟ್ಟಡದಲ್ಲಿ, ಎರಡನೆಯ ಮಹಡಿಯ ಹೆಂಗಸರ ವಾರ್ಡಿನಲ್ಲಿ, ಮಂಚಗಳು ಎದುರುಬದುರಾಗಿ ಎರಡು ಸಾಲಿನಲ್ಲಿದ್ದವು. ಒಂದು ಸಾಲಿನವರ ತಲೆ ದಕ್ಷಿಣದ ಗೋಡೆಯ ಕಡೆಗೆ, ಇನ್ನೊಂದು ಸಾಲಿನವರದು ಉತ್ತರದ ಗೋಡೆಯ ಕಡೆಗೆ. ಆ ಕಟ್ಟಡದ ನಕ್ಷೆ ಬರೆದ ಪುಣ್ಯಾತ್ಮನಿಗೆ ಆಕ್ಸಿಜನ್ ಕೊಳವೆ, ಸ್ವಿಚ್ ಬೋರ್ಡು, ಕಿಟಕಿ, ಗಾಳಿ ಎಲ್ಲದರ ಮೇಲೂ ಗಮನವಿತ್ತು. ಅಲ್ಲಿ ಮಲಗುವವರು ಮೈಸೂರಿನವರು ಮತ್ತು ಸುತ್ತಲಿನ ಹಳ್ಳಿಯವರು ಎನ್ನುವುದೊಂದು ಮರೆತುಹೋಗಿತ್ತು. ಉತ್ತರಕ್ಕೆ ತಲೆ ಮಾಡಿ ಮಲಗಿಸುವುದು ಹೆಣವನ್ನು. ಉಸಿರು ಸಿಕ್ಕದೆ, ಮೊದಲೇ ಅರ್ಧ ಜೀವವಾಗಿ ಬಂದ ಮುದುಕಿಯನ್ನು ಹಾಗೆ ಮಲಗಿಸಿ ಕಣ್ಣು ಮುಚ್ಚು ಎಂದರೆ ಅವಳು ಹೇಗೆ ಮುಚ್ಚಿಯಾಳು?

ನಾವು ಕಥೋಲಿಕರು. ತಾತನ ಕಾಲದಿಂದ ಇದೇ ಊರಿನಲ್ಲಿದ್ದೇವೆ. ನಮ್ಮಮ್ಮ ಚರ್ಚಿನ ಬೆಳಗಿನ ಪೂಜೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆದರೂ ಚಿಕ್ಕಂದಿನಲ್ಲಿ ನಾನು ನಿದ್ದೆಗಣ್ಣಿನಲ್ಲಿ ಚಾಪೆಯ ಮೇಲೆ ಉರುಳಿ ಉತ್ತರಕ್ಕೆ ತಲೆ ಮಾಡಿದರೆ, ಕಾಲು ಹಿಡಿದು ತಿರುಗಿಸಿಬಿಡುತ್ತಿದ್ದಳು. ಇದು ಬೈಬಲಿನಲ್ಲಿ ಎಲ್ಲಿದೆ ಎಂದು ಒಮ್ಮೆ ಕೇಳಿದ್ದಕ್ಕೆ, ‘ಎಲ್ಲಾನೂ ಬೈಬಲ್‌ನಲ್ಲೇ ಬರೆದಿರಬೇಕಾ? ಸುಮ್ನೆ ಮಲಗು’ ಅಂದಿದ್ದಳು. ಹೀಗಾಗಿ ಉತ್ತರದ ಸಾಲಿನ ರೋಗಿಗಳ ಸಂಕಟ ನನಗೆ ಹೇಳಿಸಿಕೊಳ್ಳದೆಯೇ ಅರ್ಥವಾಗುತ್ತಿತ್ತು.

ಆ ಸಂಕಟಕ್ಕೆ ವಾರ್ಡಿನ ಆಯಾ ಒಬ್ಬರು ತಮ್ಮದೇ ಪರಿಹಾರ ಕಂಡುಕೊಂಡಿದ್ದರು. ಉತ್ತರದ ಸಾಲಿನಲ್ಲಿ ಯಾರಾದರೂ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದರೆ, ಅವರು ಎದುರು ಸಾಲಿಗೆ ಹೋಗಿ, ಜಾಗ ಬಿಟ್ಟುಕೊಡಲು ಒಪ್ಪುವವರು ಯಾರಿದ್ದಾರೆ ಎಂದು ಮೆತ್ತಗೆ ವಿಚಾರಿಸುತ್ತಿದ್ದರು. ಯಾರಾದರೊಬ್ಬರು ಒಪ್ಪುತ್ತಿದ್ದರು. ಮಂಚಗಳು ಭಾರದ ಕಬ್ಬಿಣದವು, ಕದಲುವುದಿಲ್ಲ, ಕದಲುವವರು ರೋಗಿಗಳು. ಅವರ ಹೆಗಲನ್ನು ಆಯಾ ತಾವೇ ಹಿಡಿದು ಆಚೆ ಈಚೆ ಮಾಡಿಸಿ, ಫ್ಲಾಸ್ಕು, ಕೈಚೀಲ, ಹೊದಿಕೆ ಎಲ್ಲವನ್ನೂ ಸಾಗಿಸಿ, ಕೊನೆಗೆ ನಮ್ಮ ಬಳಿ ಬಂದು ಇಂಥಿಂಥವರನ್ನು ಬದಲಾಯಿಸಿದೆ ಎಂದು ಹೇಳುತ್ತಿದ್ದರು. ನಾವು ಹೋಗಿ ಮಂಚದ ತುದಿಯಲ್ಲಿ ತೂಗುಹಾಕಿದ ಫೈಲುಗಳನ್ನು ಬದಲಾಯಿಸುತ್ತಿದ್ದೆವು. ಆಯಾಗಳು ಫೈಲು ಮುಟ್ಟಬಾರದೆಂದು ಕಟ್ಟುನಿಟ್ಟಾಗಿ ಹೇಳಿದವರು ನಾವೇ. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಏರ್ಪಾಡು, ಆದರೆ ವರ್ಷಗಟ್ಟಲೆ ನಡೆದುಕೊಂಡು ಬಂದಿತ್ತು.

ಆಯಾ ಮೈಸೂರಿನ ಕೆಸರೆಯವರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಏಜೆನ್ಸಿಯೊಂದರ ಮೂಲಕ ಕಾಂಟ್ರಾಕ್ಟಿನ ಮೇಲೆ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಈ ಒಂದು ಕೆಲಸದಿಂದ. ಆಗ ನಾನು ಅವರನ್ನು ‘ಬಾ, ಹೋಗು’ ಎಂದೇ ಮಾತಾಡಿಸುತ್ತಿದ್ದೆ. ವಾರ್ಡಿನಲ್ಲಿ ಎಲ್ಲರದ್ದೂ ಅದೇ ರೂಢಿ. ಈಗ ಬರೆಯುವಾಗ ಬಹುವಚನ ಬರುತ್ತಿದೆ. ಮರ್ಯಾದೆ ತಡವಾಗಿ ಬಂತು ಎಂದು ನಾಚಿಕೆಯಾಗುತ್ತದೆ, ಆದರೂ ಇರಲಿ ಎಂದು ಹಾಗೆಯೇ ಬರೆಯುತ್ತಿದ್ದೇನೆ.

ಉತ್ತರದ ತಲೆಯ ವಿಷಯದಲ್ಲಿ ಅವರಿಗೆ ಸ್ವಂತ ನಂಬಿಕೆ ಏನೂ ಇರಲಿಲ್ಲ. ಒಮ್ಮೆ ಕೇಳಿದಾಗ ನಕ್ಕಿದ್ದರು. ‘ನಮ್ಗೇನಿಲ್ಲ ಸಿಸ್ಟರೇ. ಬುದ್ಧ ಕೊನೇಲಿ ಮಲಗಿದ್ದೇ ಉತ್ತರುಕ್ಕೆ ತಲೆ ಆಕಿ ಅಂತ ನಮ್ಮನೆ ಮಕ್ಳು ಏಳ್ತವೆ. ಆದ್ರೂ ಮುದುಕೀರ್ಗೆ ನಿದ್ದೆ ಬರ್ಬೇಕಲ್ಲ?’ ತಾನು ನಂಬದ್ದನ್ನು ಬೇರೆಯವರಿಗಾಗಿ ಇಷ್ಟು ಶ್ರದ್ಧೆಯಿಂದ ಮಾಡುವವರನ್ನು ನಾನು ಹೆಚ್ಚು ಕಂಡಿಲ್ಲ.

ಇದೆಲ್ಲ ಒಂಬತ್ತು ವರ್ಷದ ಹಿಂದಿನ ಮಾತು. ಎರಡು ದಿನದ ರಜೆ ಮುಗಿಸಿ, ಒಂದು ಗುರುವಾರ ಮಧ್ಯಾಹ್ನ ಎರಡು ಗಂಟೆಯ ಡ್ಯೂಟಿಗೆ ಬಂದಿದ್ದೆ. ಬೆಳಗಿನ ನರ್ಸು ಮನೆಗೆ ಹೊರಡುವ ಅವಸರದಲ್ಲಿ, ಮೇಜಿನ ಬಳಿ ನಿಂತೇ ವಾರ್ಡನ್ನು ಒಪ್ಪಿಸಿದಳು. ‘ಹದಿನಾಲ್ಕು, ಶುಗರ್, ಕಾಲಲ್ಲಿ ಹುಣ್ಣು, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್. ಹದಿನೆಂಟು, ನ್ಯುಮೋನಿಯ, ಎಂಟು ಗಂಟೆಗೆ ಆಂಟಿಬಯೋಟಿಕ್.’ ನಾವು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದುದು ಮಂಚದ ನಂಬರುಗಳನ್ನು. ಆ ಎರಡು ನಂಬರಿನ ಅಜ್ಜಿಯರೂ ನಾನು ರಜೆಯಲ್ಲಿದ್ದಾಗ ದಾಖಲಾದವರು, ಇಬ್ಬರ ಮುಖವನ್ನೂ ನಾನು ನೋಡಿರಲಿಲ್ಲ.

ಹದಿನಾಲ್ಕು ದಕ್ಷಿಣದ ಸಾಲಿನಲ್ಲಿತ್ತು. ಅಲ್ಲಿದ್ದವರು ಹೂಟಗಳ್ಳಿಯ ಅಜ್ಜಿ. ಮಗ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಡ್ರಿಪ್ ಹಾಕಿ ಹಾಕಿ ಅವರ ಎರಡೂ ಕೈ ಊದಿಕೊಂಡಿದ್ದವು. ಮಣಿಕಟ್ಟಿಗೆ ಕಟ್ಟಿದ್ದ ಹೆಸರಿನ ಪಟ್ಟಿ ಮಾಂಸದೊಳಗೆ ಇಳಿಯುತ್ತಿದೆಯೆಂದು ಬೆಳಗಿನ ನರ್ಸು ಅದನ್ನು ಕತ್ತರಿಸಿ, ಕಳೆದುಹೋಗದಿರಲಿ ಎಂದು ಮಂಚದ ಕಂಬಿಗೆ ಕಟ್ಟಿದ್ದಳು. ಹದಿನೆಂಟು ಉತ್ತರದ ಸಾಲಿನಲ್ಲಿತ್ತು. ಅಲ್ಲಿದ್ದವರು ಕುಂಬಾರಕೊಪ್ಪಲಿನ ಅಜ್ಜಿ. ಅವರಿಗೆ ಶುಗರ್ ಕಾಯಿಲೆ ಇರಲಿಲ್ಲ. ಹಿಂದಿನ ರಾತ್ರಿಯೆಲ್ಲ ಎದ್ದು ಕೂತು, ಗೋಡೆಗೆ ಒರಗಿ, ಒಂದು ಗಳಿಗೆಯೂ ತಲೆ ಕೆಳಗಿಟ್ಟಿರಲಿಲ್ಲವಂತೆ.

ಸಂಜೆ ನಾಲ್ಕರ ಹೊತ್ತಿಗೆ, ನೋಡಲು ಬರುವವರ ಗದ್ದಲದ ನಡುವೆ, ಆಯಾ ಇಬ್ಬರನ್ನೂ ಬದಲಾಯಿಸಿದರು. ಹೂಟಗಳ್ಳಿಯ ಅಜ್ಜಿ ತಾವಾಗಿಯೇ, ‘ನಂಗೇನು, ಎಲ್ ಮಲಗಿದ್ರೂ ಅಷ್ಟೆ, ಪಾಪ ಆಯಮ್ಮ ನಿದ್ದೆ ಮಾಡ್ಲಿ’ ಎಂದು ಎದ್ದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ನಾನು ಮೇಜಿನ ಬಳಿ ಫೋನ್ ಹಿಡಿದು, ಸಮಯಕ್ಕೆ ಔಷಧಿ ಕಳಿಸದ ಫಾರ್ಮಸಿಯವನ ಮೇಲೆ ಹರಿಹಾಯುತ್ತಿದ್ದೆ. ನನ್ನ ಸಿಟ್ಟು ನಮ್ಮ ಮನೆಯಲ್ಲೂ ಆಸ್ಪತ್ರೆಯಲ್ಲೂ ಹೆಸರುವಾಸಿ. ಆಯಾ ಬಂದು ನನ್ನ ಪಕ್ಕದಲ್ಲಿ ನಿಂತರು.

‘ಸಿಸ್ಟರೇ, ಅದ್ನಾಲ್ಕರ ಅಜ್ಜೀನ ಅತ್ತಗೆ ಮಲಗ್ಸಿವ್ನಿ, ಅದ್ನೆಂಟರ ಅಜ್ಜೀನ ಇತ್ತಗೆ. ಫೈಲ್ ನೀವೇ ನೋಡ್ಕಳಿ.’

ನಾನು ಅವರ ಕಡೆ ತಿರುಗದೆ ‘ಹೂಂ’ ಅಂದೆ. ಅವರು ಅರೆಗಳಿಗೆ ನಿಂತು, ಮತ್ತೆ ‘ಏಳಿವ್ನಿ’ ಅಂದರು. ನಾನು ಇನ್ನೊಂದು ಸಲ ‘ಹೂಂ’ ಅಂದು, ಹೋಗು ಎಂದು ಕೈ ಆಡಿಸಿದೆ. ಮಾತು ನನ್ನ ಕಿವಿಗೆ ಬಿದ್ದಿತ್ತು. ಆದರೆ ಫೋನಿನಲ್ಲಿದ್ದವನನ್ನು ಸೋಲಿಸುವುದು ನನಗೆ ಹೆಚ್ಚು ಮುಖ್ಯವಾಗಿತ್ತು. ಫೋನ್ ಇಟ್ಟ ಮೇಲೆ ಯಾರೋ ಡ್ರಿಪ್ ನಿಂತಿದೆ ಎಂದು ಕರೆದರು, ಅದಾದ ಮೇಲೆ ಹೊಸ ರೋಗಿ ಬಂದರು, ಆಯಾ ಹೇಳಿದ್ದು ತಲೆಯಿಂದ ಹೋಗಿಬಿಟ್ಟಿತು.

ಆರೂವರೆಗೆ ಶುಗರ್ ನೋಡುವ ತಟ್ಟೆ ಹಿಡಿದು ಹದಿನಾಲ್ಕರ ಬಳಿ ಹೋದೆ. ಅಜ್ಜಿ ಮಫ್ಲರ್ ಸುತ್ತಿಕೊಂಡು, ಸ್ವೆಟರ್ ಹಾಕಿಕೊಂಡು ಮಲಗಿದ್ದರು. ಬೆರಳು ಚುಚ್ಚಿದೆ. ಸಾಮಾನ್ಯ ಮನುಷ್ಯರಿಗೆ ಬರುವಷ್ಟೇ ಬಂತು. ಫೈಲಿನಲ್ಲಿ ಬೆಳಗಿನದ್ದು ಬಹಳ ಹೆಚ್ಚಿತ್ತು. ಒಂದೇ ದಿನದಲ್ಲಿ ಇಷ್ಟು ಇಳಿಯಿತೇ ಎಂದು ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಸಮಾಧಾನ. ಪರವಾಗಿಲ್ಲ, ನಮ್ಮ ಔಷಧಿ ಹಿಡಿಯಿತು ಎಂದುಕೊಂಡೆ. ಹೆಚ್ಚುಕಡಿಮೆ ಇದ್ದರೆ ಡಾಕ್ಟರನ್ನು ಕೇಳು ಎಂದೇನೂ ಫೈಲಿನಲ್ಲಿ ಬರೆದಿರಲಿಲ್ಲ. ದಿನವೂ ಇಷ್ಟು ಎಂದು ಗೊತ್ತುಮಾಡಿದ ಇನ್ಸುಲಿನ್ ಇತ್ತು, ಏಳು ಗಂಟೆಗೆ ಅಷ್ಟನ್ನೇ ಸಿರಿಂಜಿಗೆ ಎಳೆದುಕೊಂಡು ಬಂದೆ.

ಕಂಬಿಗೆ ಕಟ್ಟಿದ್ದ ಪಟ್ಟಿಯನ್ನು ತಿರುಗಿಸಿ ಹೆಸರು ಓದಿದೆ. ಫೈಲಿನ ಹೆಸರೂ ಅದೇ. ಎರಡೂ ಹೊಂದಿದವು. ಆದರೆ ಆ ಪಟ್ಟಿ ಮಂಚದ್ದು, ಆ ಫೈಲು ಮಂಚದ್ದು. ನಡುವೆ ಮಲಗಿದ್ದ ಜೀವವನ್ನು ನಾನು ಏನೂ ಕೇಳಲಿಲ್ಲ. ಅವರ ಕೈಯಲ್ಲಿ, ಸ್ವೆಟರಿನ ತೋಳಿನೊಳಗೆ, ಅವರದೇ ಹೆಸರಿನ ಪಟ್ಟಿ ಇತ್ತು. ಬೆರಳು ಚುಚ್ಚುವಾಗ ಆ ಕೈಯನ್ನು ನಾನೇ ಹಿಡಿದಿದ್ದೆ. ತೋಳನ್ನು ನಾಲ್ಕು ಬೆರಳಿನಷ್ಟು ಮೇಲೆ ಸರಿಸಿದ್ದರೆ ಕಾಣುತ್ತಿತ್ತು.

ಹೆಸರು ಕೇಳಿ ಖಾತ್ರಿ ಮಾಡಿಕೊಳ್ಳಬೇಕೆಂಬ ನಿಯಮ ಆಗಲೂ ಇತ್ತು. ಅದಕ್ಕೆಂದೇ ಹಾಳೆಯಲ್ಲಿ ಒಂದು ಚೌಕ, ಅದರಲ್ಲಿ ಟಿಕ್ ಹಾಕಬೇಕು. ಆದರೆ ಅಜ್ಜಿಯ ವಯಸ್ಸಿನವರನ್ನು ನಿಲ್ಲಿಸಿ ‘ನಿಮ್ಮ ಹೆಸರೇನು’ ಎನ್ನುವುದು ನಮ್ಮ ಕಡೆ ಪೊಲೀಸರು ಕೇಳಿದ ಹಾಗೆ. ನಾವು ‘ಏನಜ್ಜಿ, ಹುಷಾರಾ?’ ಎನ್ನುತ್ತೇವೆ, ‘ಕಾಫಿ ಕುಡಿದ್ರಾ?’ ಎನ್ನುತ್ತೇವೆ. ನಾನೂ ಹಾಗೆಯೇ ಮಾತಾಡಿಸಿದೆ, ಅವರೂ ನಕ್ಕು ತಲೆಯಾಡಿಸಿದರು. ನಾನು ಚೌಕದಲ್ಲಿ ಟಿಕ್ ಹಾಕಿದೆ. ಹೊಟ್ಟೆಯ ಬಳಿ ಸೆರಗು ಸರಿಸಿದಾಗ ಅಜ್ಜಿ ಕೇಳಿದರು:

‘ಹೊಟ್ಟೆಗೆ ಚುಚ್ತೀಯೇನವ್ವ? ನಂಗೆ ಎಲ್ಲ ಕೈಗೇ ಕೊಡ್ತಿದ್ರು.’

‘ಡಾಕ್ಟ್ರು ಬರೆದಿದಾರಜ್ಜಿ.’

‘ಬರೆದಿದ್ರೆ ಸರಿ ಬುಡು’ ಎಂದು ಅವರು ಮುಖ ಆ ಕಡೆ ತಿರುಗಿಸಿಕೊಂಡರು. ನೋವಾದರೂ ತೋರಿಸಬಾರದೆಂದು ಮಂಚದ ಕಂಬಿಯನ್ನು ಹಿಡಿದುಕೊಂಡಿದ್ದರು. ಆ ಕೈ ಈಗಲೂ ಕಣ್ಣ ಮುಂದೆ ಬರುತ್ತದೆ.

ಆಸ್ಪತ್ರೆಯ ಊಟ ಅವರಿಗೆ ಸೇರುತ್ತಿರಲಿಲ್ಲ. ಸೊಸೆ ಮನೆಯಿಂದ ತರುವ ಮುದ್ದೆಗಾಗಿ ಕಾಯುತ್ತಿದ್ದರು, ಸೊಸೆಗೆ ಬಸ್ಸು ಸಿಕ್ಕುವುದು ತಡವಾಗಿತ್ತು. ಎಂಟು ಗಂಟೆಗೆ ನಾನು ವಾರ್ಡ್ ಒಪ್ಪಿಸಲು ರಿಜಿಸ್ಟರ್ ತೆರೆದಿದ್ದೆ. ಆಯಾ ಸೀರೆ ಬದಲಾಯಿಸಿ, ಕೆಸರೆಯ ಬಸ್ಸಿಗೆ ಹೊರಟವರು, ಬದಲಾಯಿಸಿದ ಜಾಗದಲ್ಲಿ ಅಜ್ಜಿಗೆ ನಿದ್ದೆ ಬಂತೇ ಎಂದು ನೋಡಲು ಹೋಗಿದ್ದರು. ನಿದ್ದೆ ಬಂದಿದೆ ಎಂದೇ ಅಂದುಕೊಂಡರಂತೆ. ಹೊದಿಕೆ ಸರಿ ಮಾಡಲು ಮುಟ್ಟಿದಾಗ ಮೈ ತಣ್ಣಗಿತ್ತು, ನೀರಿನಲ್ಲಿ ಅದ್ದಿ ತೆಗೆದ ಹಾಗೆ ಬೆವರಿತ್ತು.

‘ಸಿಸ್ಟರೇ, ಬಿರ್ನೆ ಬನ್ನಿ. ಅಜ್ಜಿ ಮಾತಾಡ್ತಿಲ್ಲ.’

ಆಮೇಲಿನದ್ದನ್ನು ನನ್ನ ಕೈಗಳೇ ಮಾಡಿದವು. ಶುಗರ್ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದೆ, ಡ್ಯೂಟಿ ಡಾಕ್ಟರ್ ಓಡಿ ಬಂದರು. ‘ಇವರಿಗೆ ಶುಗರ್ ಇಲ್ಲವಲ್ಲ, ಇನ್ಸುಲಿನ್ ಯಾರು ಕೊಟ್ಟಿದ್ದು?’ ಎಂದು ಅವರು ಹಾಳೆಯನ್ನೂ ಅಜ್ಜಿಯ ಮುಖವನ್ನೂ ನೋಡಿ ಕೇಳಿದರು. ಎದುರು ಸಾಲಿನಿಂದ ಹೂಟಗಳ್ಳಿಯ ಅಜ್ಜಿ, ‘ನಂಗಿನ್ನೂ ಸೂಜಿ ಚುಚ್ಚಿಲ್ವಲ್ಲವ್ವ’ ಎಂದು ಕೂಗಿ ಹೇಳಿದರು. ನಾಲ್ಕು ಗಂಟೆಗೆ ಕಿವಿಗೆ ಬಿದ್ದಿದ್ದ ಮಾತು ಆಗ ನನಗೆ ಅರ್ಥವಾಯಿತು.

ಕುಂಬಾರಕೊಪ್ಪಲಿನ ಅಜ್ಜಿ ಉಳಿದರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಓದುವವರನ್ನು ಆ ಭಯದಲ್ಲಿ ಇಡುವುದು ನನಗೆ ಬೇಕಿಲ್ಲ. ಎರಡು ದಿನ ಐಸಿಯುನಲ್ಲಿ ಇಟ್ಟುಕೊಂಡರು. ಆಯಾ ಬಸ್ಸಿಗೆ ನೆಟ್ಟಗೆ ಹೋಗಿಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ.

ಮರುದಿನ, ಶುಕ್ರವಾರ, ಮೇಟ್ರನ್ ಕೋಣೆಯಲ್ಲಿ ವಿಚಾರಣೆ. ಮೇಟ್ರನ್, ಆಡಳಿತದ ಅಧಿಕಾರಿ, ಏಜೆನ್ಸಿಯ ಮೇಲ್ವಿಚಾರಕ ಕುರ್ಚಿಗಳಲ್ಲಿ ಕೂತಿದ್ದರು. ನನಗೂ ಒಂದು ಕುರ್ಚಿ ಕೊಟ್ಟರು. ಆಯಾ ಬಾಗಿಲ ಬಳಿ ನಿಂತಿದ್ದರು. ನಾನೇ ಇನ್ಸುಲಿನ್ ಕೊಟ್ಟದ್ದೆಂದು ಎಲ್ಲರಿಗೂ ಗೊತ್ತಿತ್ತು, ಹಾಳೆಯಲ್ಲಿ ನನ್ನ ಸಹಿ ಇತ್ತು. ಆದರೆ ಆ ಕೋಣೆಯಲ್ಲಿ ಪ್ರಶ್ನೆ ಬೇರೆ ದಾರಿ ಹಿಡಿಯಿತು.

‘ರೋಗಿಗಳನ್ನ ಅದಲುಬದಲು ಮಾಡಿದ್ದು ಯಾರು?’ ಅಧಿಕಾರಿ ಕೇಳಿದರು.

‘ನಾನೇ ಸಾ.’

‘ಯಾರನ್ನ ಕೇಳಿ ಮಾಡಿದೆ?’

‘ಸಿಸ್ಟರ್‌ಗೆ ಏಳಿದ್ದೆ ಸಾ.’

‘ಯಾವ ಸಿಸ್ಟರ್‌ಗೆ?’

ಆಯಾ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ, ಬೇಡುವ ನೋಟವೂ ಅಲ್ಲ. ಸ್ವಲ್ಪ ಹೊತ್ತು ನೋಡಿ, ಅಧಿಕಾರಿಯ ಕಡೆ ತಿರುಗಿ, ‘ಗ್ಯಾನ ಇಲ್ಲ ಸಾ’ ಅಂದರು.

ಅಧಿಕಾರಿ ನನ್ನನ್ನು ಕೇಳಿದರು, ‘ನಿಮಗೆ ಹೇಳಿದ್ದಳಾ?’

‘ನನಗೆ ಕೇಳಿಸಿದ ನೆನಪಿಲ್ಲ ಸರ್’ ಅಂದೆ.

ಎಷ್ಟು ಹುಷಾರಿಯ ಮಾತು ನೋಡಿ. ಹೇಳಲಿಲ್ಲ ಎಂದು ಅವರನ್ನು ಸುಳ್ಳುಗಾತಿ ಮಾಡಲಿಲ್ಲ, ಹೇಳಿದರು ಎಂದು ನನ್ನ ಕುತ್ತಿಗೆಯನ್ನೂ ಕೊಡಲಿಲ್ಲ. ಆ ಮಾತನ್ನು ನಾನು ಹಿಂದಿನ ರಾತ್ರಿಯೇ ಹಾಸಿಗೆಯಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಹಾಗಿದ್ದರೆ ಹೇಳದೆ ಕೇಳದೆ ರೋಗಿಗಳನ್ನು ಬದಲಾಯಿಸಿದ್ದಾಳೆ ಎಂದು ಅಧಿಕಾರಿ ತೀರ್ಮಾನಿಸಿದರು. ಏಜೆನ್ಸಿಯವನು ಆಯಾಗೆ, ‘ಹೇಳಿ ಕಳಿಸೋ ತನಕ ಬರಬೇಡ’ ಎಂದ. ಅವರು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದರು. 

ಶನಿವಾರ ಸಂಜೆ ಚರ್ಚಿಗೆ ಹೋದೆ. ನಮ್ಮಲ್ಲಿ ಪಾಪನಿವೇದನೆ ಎಂಬುದಿದೆ. ಜಾಲರಿಯ ಆಚೆ ಕೂತ ಗುರುಗಳಿಗೆ ಮೊಣಕಾಲೂರಿ ತಪ್ಪು ಹೇಳಿಕೊಳ್ಳುವುದು. ಅಜಾಗರೂಕತೆಯಿಂದ ಒಬ್ಬ ರೋಗಿಗೆ ಬೇರೊಬ್ಬರ ಔಷಧಿ ಕೊಟ್ಟೆ ಎಂದು ಹೇಳುತ್ತಾ ಅತ್ತೆ. ಗುರುಗಳು ಸಮಾಧಾನ ಹೇಳಿ, ಆ ಅಜ್ಜಿಗಾಗಿ ಪ್ರಾರ್ಥಿಸು ಎಂದರು. ಹೊರಗೆ ಬಂದಾಗ ಮೈ ಹಗುರವಾಗಿತ್ತು. ಮೆಟ್ಟಿಲ ಮೇಲೆ ಕಡಲೆಕಾಯಿ ಕೊಂಡು ತಿಂದೆ. ಎರಡು ದಿನದಿಂದ ಹೊಟ್ಟೆಗೆ ಏನೂ ಇಳಿದಿರಲಿಲ್ಲ, ಅಂದು ಇಳಿಯಿತು. ಆಯಾ ಅವರ ವಿಷಯವನ್ನು ನಾನು ಜಾಲರಿಯ ಮುಂದೆ ಎತ್ತಿಯೇ ಇರಲಿಲ್ಲ. ಅರ್ಧ ಹೇಳಿ ಪೂರ್ತಿ ಕ್ಷಮೆ ಪಡೆದುಕೊಂಡು ಬಂದಿದ್ದೆ. ಗುರುಗಳಿಗೆ ಅದು ಗೊತ್ತಾಗುವ ಹಾಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ‘ಹೂಂ’ ಎಂದದ್ದನ್ನೂ ಹೇಳಿದೆ. ಅಮ್ಮ ಬೈಯಬಹುದು ಅಥವಾ ಹೋಗಲಿ ಬಿಡು ಎನ್ನಬಹುದು ಎಂದುಕೊಂಡಿದ್ದೆ. ಅವಳು ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಕೇಳಿದಳು:

‘ಆ ಹೆಂಗಸಿಗೆ ಮನೇಲಿ ದುಡಿಯೋರು ಇನ್ಯಾರಿದಾರೆ?’

‘ಯಾರೂ ಇಲ್ಲ. ಗಂಡ ಇಲ್ಲ.’

‘ಮತ್ತೆ ಇಲ್ಲಿ ಕೂತು ನಂಗ್ಯಾಕೆ ಹೇಳ್ತಿದೀಯ?’

ಅಷ್ಟೇ ಹೇಳಿ ಅಮ್ಮ ತನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಭಾನುವಾರ ಕಚೇರಿ ಇಲ್ಲ ಎಂದು ನಾನು ಸೋಮವಾರದವರೆಗೆ ಕಾದೆ. ಮೇಟ್ರನ್‌ಗೆ ಫೋನ್ ಮಾಡಬಹುದಿತ್ತು, ನಂಬರು ನನ್ನ ಬಳಿ ಇತ್ತು. ಇನ್ನೊಂದು ರಾತ್ರಿ ಸಿಕ್ಕಿತಲ್ಲ ಎಂದು ಒಳಗೊಳಗೆ ಸಮಾಧಾನವೇ ಆಯಿತು. ಇದನ್ನು ಮುಚ್ಚಿಡಲಾರೆ.

ಸೋಮವಾರ ಬೆಳಿಗ್ಗೆ ಮೇಟ್ರನ್ ಎದುರು ನಿಂತು ಹೇಳಿದೆ. ಆಯಾ ನನಗೆ ಹೇಳಿದ್ದರು, ಎರಡು ಸಲ ಹೇಳಿದ್ದರು, ನಾನು ಎರಡು ಸಲ ಹೂಂ ಎಂದೆ. ಮೇಟ್ರನ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಬರೆದು ಕೊಡಿ ಎಂದರು. ಬರೆದು ಕೊಟ್ಟೆ. ನನಗೆ ಒಂದು ಎಚ್ಚರಿಕೆಯ ಮೆಮೊ ಬಂತು. ಆಯಾ ಅವರನ್ನು ವಾಪಸು ಕರೆಸಿ ಎಂದು ಮೇಟ್ರನ್ ನನ್ನೆದುರೇ ಏಜೆನ್ಸಿಗೆ ಫೋನ್ ಮಾಡಿದರು. ಆ ಜಾಗಕ್ಕೆ ಶನಿವಾರವೇ ಬೇರೊಬ್ಬರನ್ನು ಹಾಕಿಯಾಯಿತು, ಕಂಪ್ಲೇಂಟ್ ಆದವರನ್ನು ಬೇರೆ ಆಸ್ಪತ್ರೆಗೆ ಕಳಿಸುವುದೂ ಕಷ್ಟ ಎಂದು ಆ ಕಡೆಯಿಂದ ಉತ್ತರ ಬಂತು. ಕಂಪ್ಲೇಂಟ್ ಸುಳ್ಳೆಂದು ನಾವೇ ಹೇಳುತ್ತಿದ್ದೇವಲ್ಲ ಎಂದರು ಮೇಟ್ರನ್. ನೋಡೋಣ ಎಂದ ಅವನು. ಅವನ ‘ನೋಡೋಣ’ ಎಂದಿಗೂ ಬರಲಿಲ್ಲ.

ಅಜ್ಜಿಯ ಮುಂದೆ ಹೋಗಿ ತಪ್ಪಾಯಿತು ಎನ್ನಲು ಮೇಟ್ರನ್ ನನ್ನ ಜೊತೆಗೇ ಬಂದರು. ಅಲ್ಲಿಯವರೆಗೆ ಮನೆಯವರಿಗೆ ಶುಗರ್ ಇಳಿದಿತ್ತು ಎಂದಷ್ಟೇ ಹೇಳಿದ್ದರು. ಸೊಸೆ ನನ್ನ ಮುಖಕ್ಕೆ ಹೊಡೆದ ಹಾಗೆ ಮಾತಾಡಿದಳು. ಆಡುವ ಹಕ್ಕು ಅವಳಿಗಿತ್ತು, ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಎಲ್ಲ ಮುಗಿದ ಮೇಲೆ ಅಜ್ಜಿ ಕೇಳಿದರು: ‘ಆ ಆಯಮ್ಮ ಎಲ್ಲಿ? ಅವತ್ತಿಂದ ಕಾಣ್ಲೇ ಇಲ್ಲ. ನನ್ನ ಜೀವ ಉಳಿಸ್ದೋಳು ಅವಳಂತೆ.’ ಮೇಟ್ರನ್ ನನ್ನ ಕಡೆ ನೋಡಿದರು. ಕೆಲಸ ಬಿಟ್ಟರು ಎಂದೆ. ಅದೂ ಪೂರ್ತಿ ನಿಜವಲ್ಲ.

ಎರಡು ವರ್ಷದ ಮೇಲೆ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಸುರಕ್ಷತೆಗೆಂದೇ ಒಂದು ವಿಭಾಗ ಮಾಡಿದರು. ಟೈ ಕಟ್ಟಿದವರು ಬಂದು ಗೋಡೆಯ ತುಂಬ ಬಣ್ಣದ ಪೋಸ್ಟರು ಅಂಟಿಸಿದರು. ಅದಕ್ಕೆ ಯಾರನ್ನು ಹಾಕುವುದು ಎಂಬ ಮಾತು ಬಂದಾಗ, ತನ್ನ ತಪ್ಪನ್ನು ತಾನೇ ಬಂದು ಒಪ್ಪಿಕೊಂಡ ಧೈರ್ಯವಂತೆ ಎಂದು ನನ್ನ ಹೆಸರು ಹೇಳಿದರಂತೆ. ನನಗೆ ನಗು ಬರಲಿಲ್ಲ. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಈಗಲೂ ಅದೇ ಕೆಲಸದಲ್ಲಿದ್ದೇನೆ.

ಹೊಸದಾಗಿ ಸೇರಿದ ನರ್ಸುಗಳಿಗೆ ನಾನು ಹೇಳಿಕೊಡುವುದು ಹೆಚ್ಚೇನಿಲ್ಲ. ಮಂಚದ ನಂಬರು ಹೇಳಬೇಡಿ. ಅಜ್ಜಿಯಾಗಲಿ ತಾತನಾಗಲಿ, ‘ನಿಮ್ಮ ಹೆಸರು ನಿಮ್ಮ ಬಾಯಲ್ಲೇ ಕೇಳಬೇಕಜ್ಜಿ’ ಎಂದು ಪ್ರೀತಿಯಿಂದ ಕೇಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆಯಾ ಬಂದು ಏನಾದರೂ ಹೇಳಿದರೆ ಅವರ ಮುಖ ನೋಡಿ, ಅವರು ಹೇಳಿದ್ದನ್ನು ನೀವು ವಾಪಸು ಹೇಳಿ, ಆಮೇಲೆ ಅವರನ್ನು ಕಳಿಸಿ. ಹೊಸ ಕಟ್ಟಡ ಕಟ್ಟುವಾಗ ಎಂಜಿನಿಯರರ ಮುಂದೆ ನಾನು ಜಗಳವಾಡಿ, ಉತ್ತರದ ಗೋಡೆಗೆ ಒಂದು ಮಂಚದ ತಲೆಯೂ ತಾಗದ ಹಾಗೆ ಮಾಡಿಸಿದೆ. ಇದು ವಿಜ್ಞಾನವಲ್ಲ ಮೇಡಂ ಎಂದರು ಅವರು. ನಿದ್ದೆಯಂತೂ ವಿಜ್ಞಾನವೇ ಎಂದೆ.

ತಪ್ಪು ನಡೆದಾಗ ತುಂಬುವ ನಮೂನೆಯನ್ನೂ ನಾನೇ ಬರೆದದ್ದು. ಅದರಲ್ಲಿ ಘಟನೆ ನಡೆದ ಸಮಯಕ್ಕೆ ಒಂದು ಕಾಲಂ ಇದೆ, ಅದನ್ನು ಹೇಳಿದ ಸಮಯಕ್ಕೆ ಇನ್ನೊಂದು. ಯಾವ ನಮೂನೆ ಕೈಗೆ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಅವೆರಡರ ನಡುವಿನ ಅಂತರಕ್ಕೆ. ಅದೇನು ಅಷ್ಟು ನೋಡುತ್ತೀರಿ ಎಂದು ಹುಡುಗಿಯರು ಕೇಳುತ್ತಾರೆ. ನಿಯಮ ಎನ್ನುತ್ತೇನೆ. ಆ ಕಾಲಂ ಹುಟ್ಟಿದ್ದು ಕೆಸರೆಯಲ್ಲಿ.

ಮೆಮೊ ಬಂದ ವಾರ, ಮಧ್ಯಾಹ್ನದ ಬಿಸಿಲಿನಲ್ಲಿ, ನಾನು ಆಯಾ ಅವರ ಮನೆ ಹುಡುಕಿಕೊಂಡು ಹೋಗಿದ್ದೆ. ಅವರು ಆಗಷ್ಟೇ ಕಲ್ಯಾಣಮಂಟಪವೊಂದರಲ್ಲಿ ಪಾತ್ರೆ ತೊಳೆದು ಬಂದಿದ್ದರು, ಸೀರೆಯ ಅಂಚು ಇನ್ನೂ ಒದ್ದೆಯಿತ್ತು. ಒಂದೇ ಕೋಣೆಯ ಮನೆ. ಗೋಡೆಯ ಮೇಲೆ ಮಲಗಿದ ಬುದ್ಧನ ಪಟವಿತ್ತು. ಅವರು ಚಾಪೆ ಹಾಸಿ ಕೂರಿಸಿದರು. ನಾನು ಬೇಡವೆಂದರೂ ಕೇಳದೆ ಕಾಫಿ ಮಾಡಿ, ಲೋಟ ನನ್ನ ಮುಂದಿಟ್ಟು, ತಾವು ಹೊಸ್ತಿಲ ಬಳಿ ಕೂತರು.

ಮೇಟ್ರನ್‌ಗೆ ಎಲ್ಲ ಹೇಳಿದ್ದೇನೆ, ತಪ್ಪು ನನ್ನದೆಂದು ಬರೆದು ಕೊಟ್ಟಿದ್ದೇನೆ ಎಂದೆ. ಏಜೆನ್ಸಿಯವನು ಏನೆಂದ ಎಂಬುದನ್ನೂ ಹೇಳಿದೆ. ಅವರು ಹೂಂಗುಟ್ಟದೆ, ನನ್ನ ಮುಖ ನೋಡುತ್ತಾ ಪೂರ್ತಿ ಕೇಳಿದರು.

‘ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ ನೀವು?’ ಎಂದೆ. ಅವರನ್ನು ನೀವು ಎಂದದ್ದು ಅದೇ ಮೊದಲು.

‘ನೀವೇ ಏಳ್ತೀರ ಅಂತ ಸುಮ್ಗಾದೆ ಕಣವ್ವ. ಎದ್ರುಗಡೆನೇ ಕೂತಿದ್ರಲ್ಲ. ಇನ್ನೊಬ್ರು ಏಳೋದ್ಕಿಂತ ನೀವೇ ಏಳ್ಕಂಡ್ರೆ ನಿಮ್ಗೂ ಮರ್ವಾದೆ ಅಂದ್ಕಂಡೆ.’

 ಅವರು ಸೀರೆಯ ಒದ್ದೆ ಅಂಚನ್ನು ಹಿಂಡಿ, ಬಿಸಿಲಿಗೆ ಚಾಚಿಕೊಂಡು, ಯಾವ ಸಿಟ್ಟೂ ಇಲ್ಲದೆ ಕೇಳಿದರು:

‘ಅಜ್ಜಿ ಮಾತಾಡ್ತಿಲ್ಲ ಅಂದಾಗ ಓಡ್ಬಂದ್ರಲ್ಲ. ಇದಕ್ಕೆ ಮೂರು ದಿನ ಯಾಕ್ ಬೇಕಾಯ್ತವ್ವ?’

ಉತ್ತರ ನನಗೆ ಗೊತ್ತಿತ್ತು. ಹೆದರಿಕೆ. ಒಂದೇ ಮಾತು, ಅದನ್ನೂ ಅವರ ಮುಂದೆ ಆಡಲು ನನ್ನಿಂದ ಆಗಲಿಲ್ಲ. ಕಾಫಿ ಕುಡಿದು, ಲೋಟ ತೊಳೆದಿಡಲು ಎದ್ದೆ. ಅವರು ಬಿಡಲಿಲ್ಲ, ಕೈಯಿಂದ ತೆಗೆದುಕೊಂಡರು.